ನಾಲ್ಕನೇ ಮಹಡಿಯ ಆಪ್ತರು

ನಮ್ಮಪ್ಪ ಒಂದು ದೊಡ್ಡ ಹೋಟೆಲಿನಲ್ಲಿ ಲಿಫ್ಟ್ ನಡೆಸುತ್ತಿದ್ದ. ಇದು ನಿಜ, ಹಾಗಾಗಿಯೇ ಯಾವ ಪುಸ್ತಕದಲ್ಲೂ ಇಲ್ಲ. ಪುಸ್ತಕಗಳನ್ನು ನಂಬುವುದಾದರೆ ಅವನು ಮೊದಲು "ಹೋಟೆಲಿನ ಒಬ್ಬ ನೌಕರ", ಆಮೇಲೆ "ಹೋಟೆಲಿನ ಹಿರಿಯ ಅಧಿಕಾರಿ", ಅದಾದ ಮೇಲೆ "ಗಾಯಕಿಯ ಆಪ್ತ ಸಹಾಯಕ", ಕೊನೆಗೆ "ಗಾಯಕಿ ಮನಬಿಚ್ಚಿ ಮಾತನಾಡುತ್ತಿದ್ದ ಏಕೈಕ ವ್ಯಕ್ತಿ". ಅವನು ನಿವೃತ್ತಿಯಾಗುವ ತನಕ ಹೋಟೆಲಿನವರು ಒಂದು ಬಡ್ತಿಯನ್ನೂ ಕೊಡಲಿಲ್ಲ. ಲೇಖಕರು ನಮ್ಮ ಮನೆಯ ಸೋಫಾದ ಮೇಲೆ ಕೂತಲ್ಲೇ ಮೂರು ಕೊಟ್ಟರು.

ಆ ಗಾಯಕಿ ಸಿನಿಮಾಗಳಿಗೆ ಹಾಡುತ್ತಿದ್ದವರು, ಬಹಳ ಹೆಸರು ಮಾಡಿದವರು. ತಮ್ಮ ಕೊನೆಯ ಹಾಡುಗಳನ್ನು ರೆಕಾರ್ಡ್ ಮಾಡಲು ಬಂದು ಒಂದು ಚಳಿಗಾಲ ಪೂರ್ತಿ ಆ ಹೋಟೆಲಿನ ನಾಲ್ಕನೇ ಮಹಡಿಯಲ್ಲಿ ಉಳಿದಿದ್ದರು. ವಾಪಸ್ ಹೋದ ಸ್ವಲ್ಪ ಕಾಲಕ್ಕೇ ತೀರಿಕೊಂಡರು. ಆ ಚಳಿಗಾಲದಲ್ಲಿ ಅವರನ್ನು ಮೇಲಕ್ಕೂ ಕೆಳಕ್ಕೂ ಕರೆದೊಯ್ದವನು ನಮ್ಮಪ್ಪ. ಆಗಿನ ಲಿಫ್ಟ್ ಎಂದರೆ ಎಳೆದು ಮುಚ್ಚುವ ಜಾಲರಿ ಬಾಗಿಲು, ಹಿತ್ತಾಳೆಯ ಹಿಡಿ, ನೆಲಕ್ಕೆ ಕೆಂಪು ರತ್ನಗಂಬಳಿ. ಲಿಫ್ಟ್ ನಡೆಸುವವನು ಹಿಡಿಯ ಕಡೆ ಮುಖ ಮಾಡಿ ನಿಲ್ಲಬೇಕು. ಅತಿಥಿಗಳ ಕಡೆ ತಿರುಗಿ ನೋಡಿದರೆ ಮ್ಯಾನೇಜರು ಚಳಿ ಬಿಡಿಸುತ್ತಿದ್ದರು. ಹೀಗಾಗಿ ಅಪ್ಪ ಆ ಗಾಯಕಿಯ ಮುಖವನ್ನು ನೋಡಿದ್ದು ಸಿನಿಮಾ ಪತ್ರಿಕೆಗಳಲ್ಲೇ. ಅವರು ಅವನೊಂದಿಗೆ ಆಡಿದ ಮಾತು ಒಂದೇ ಒಂದು: "ನಾಲ್ಕು." ಇಳಿಯುವಾಗ ಅದೂ ಇರಲಿಲ್ಲ. ಇದನ್ನು ಅಪ್ಪನೇ ಒಮ್ಮೆ ಮನೆಯಲ್ಲಿ, ಹೊಟ್ಟೆ ತುಂಬಿ ಮನಸ್ಸು ಹಗುರವಾಗಿದ್ದಾಗ, ಬಾಯಿಬಿಟ್ಟಿದ್ದ.

ಆ ಒಂದು ಅಂಕಿಯ ಬಂಡವಾಳದಲ್ಲಿ ಅವನು ಮೂವತ್ತು ವರ್ಷ ವ್ಯಾಪಾರ ನಡೆಸಿದ.

ನಾನು ಪುಸ್ತಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಬಾಗಿಲ ಎದುರಿಗೇ ಇರುವ ಮೇಜು ನನ್ನದು. ಚರಿತ್ರೆ, ಜೀವನಚರಿತ್ರೆ, ಸಿನಿಮಾ, ಸಂಗೀತ, ಕ್ರಿಕೆಟ್ಟು, ಒಟ್ಟಿನಲ್ಲಿ ಕಥೆಯಲ್ಲ ಎಂದು ಮುಖಪುಟದಲ್ಲಿ ಆಣೆ ಮಾಡುವ ಹೊಸ ಪುಸ್ತಕಗಳೆಲ್ಲ ಮೊದಲು ಆ ಮೇಜಿಗೆ ಬರುತ್ತವೆ. ಪೆಟ್ಟಿಗೆ ಬಿಚ್ಚಿ, ದೂಳು ಒರೆಸಿ, ರಾಶಿ ಜೋಡಿಸುವುದು ನನ್ನ ಕೆಲಸ. ನನಗೆ ಸಿಟ್ಟು ಬಂದರೆ ಜೋಡಿಸಿದ ರಾಶಿಯನ್ನು ಪೂರ್ತಿ ಕೆಡವಿ ಮತ್ತೆ ಮೊದಲಿನಿಂದ ಜೋಡಿಸುತ್ತೇನೆ. ಯಾಕೆಂದು ಕೇಳಿದರೆ ನನಗೂ ಗೊತ್ತಿಲ್ಲ, ಚಿಕ್ಕಂದಿನಿಂದಲೂ ಹಾಗೇ. ಅಂಗಡಿಯ ಯಜಮಾನರು ದೂರದಿಂದ ನೋಡಿ, "ಇವತ್ತು ಯಾರ ಮೇಲಮ್ಮ?" ಎನ್ನುತ್ತಾರೆ. ಬಹಳ ಸಲ ಉತ್ತರ ಒಂದೇ ಇರುತ್ತಿತ್ತು. ಹೊಸ ಪುಸ್ತಕದ ಕೊನೆಯ ಪುಟಗಳಲ್ಲಿ, ಸಣ್ಣ ಅಕ್ಷರದ ಆಧಾರಗಳ ಸಾಲಿನಲ್ಲಿ, ನಮ್ಮಪ್ಪ ಕೈಕಟ್ಟಿ ನಿಂತಿರುತ್ತಿದ್ದ.

ನಮ್ಮ ಮನೆಗೆ ಬರುತ್ತಿದ್ದ ಲೇಖಕರಲ್ಲಿ ಮೂರು ಜಾತಿ. ಚರಿತ್ರೆಯವರಿಗೆ ಗಾಯಕಿ ಬಡವರ ಪರ ಇದ್ದರೆ ಸಾಕು. ಜೀವನಚರಿತ್ರೆಯವರಿಗೆ ಕಣ್ಣೀರು ಬೇಕು. ಒಂದು ಹನಿಯಾದರೂ ಸಿಗದೆ ಅವರು ಏಳುವುದಿಲ್ಲ. ಮೂರನೆಯವರು ಜನಪ್ರಿಯ ಸಂಸ್ಕೃತಿಯವರು. ಅವರಿಗೆ ನಡೆದದ್ದು ಬೇಕಿಲ್ಲ, ಅದರ ಅರ್ಥ ಬೇಕು, ಅರ್ಥವನ್ನು ಅವರೇ ಜೊತೆಗೆ ತಂದಿರುತ್ತಾರೆ. ಅಪ್ಪ ಯಾರು ಯಾವ ಜಾತಿ ಎಂದು ಚಹಾ ಲೋಟ ಕೆಳಗಿಡುವುದರೊಳಗೆ ಕಂಡುಹಿಡಿಯುತ್ತಿದ್ದ. ಆಮೇಲೆ ಅಂಗಿಯ ಕಾಲರು ಸರಿಮಾಡಿಕೊಂಡು, ಕಿಟಕಿಯಾಚೆ ನೋಡಿ, ದೀರ್ಘವಾಗಿ ಉಸಿರೆಳೆದು, "ಆಕೆ ಹಾಗಲ್ಲ..." ಎಂದು ಶುರು ಮಾಡುತ್ತಿದ್ದ. ರೈಲು ಬಿಡುವುದರಲ್ಲಿ ಅವನದು ಎತ್ತಿದ ಕೈ.

ಅಡುಗೆಮನೆಯಲ್ಲಿ ನನ್ನ ಅತ್ತೆ, ಅಪ್ಪನ ಅಕ್ಕ, ನನ್ನನ್ನು ಸಾಕಿದವಳು, ಚಹಾ ಕಳಿಸಿ ಬಾಗಿಲನ್ನು ದಢಾರನೆ ಮುಚ್ಚಿಕೊಳ್ಳುತ್ತಿದ್ದಳು. "ಆಪ್ತರು ಶುರು ಹಚ್ಕೊಂಡ್ರು. ನನ್ನ ಕಿವಿಗೆ ಅದು ಬೀಳೋದೇ ಬೇಡ" ಎಂದು ಮಿಕ್ಸಿ ಹಾಕುತ್ತಿದ್ದಳು. ಅರೆಯುವುದಕ್ಕೆ ಏನೂ ಇಲ್ಲದಿದ್ದರೂ ಹಾಕುತ್ತಿದ್ದಳು. ಅತ್ತೆಗೆ ಓದಲು ಬರುತ್ತದೆ. ಆದರೆ ಅಷ್ಟು ದಪ್ಪದ ಪುಸ್ತಕದಲ್ಲಿ ನಿಜ ಇರಲು ಸಾಧ್ಯವೇ ಇಲ್ಲ ಎಂಬುದು ಅವಳ ಅಭಿಪ್ರಾಯವಾದ್ದರಿಂದ ಒಂದನ್ನೂ ತೆರೆದು ನೋಡಿರಲಿಲ್ಲ.

ಅಪ್ಪ ಹುಟ್ಟಿಸಿದ ಸಂಗತಿಗಳಲ್ಲಿ ಮೂರು ಮನೆಮಾತಾದವು. ಒಂದು, ಗಾಯಕಿ ಹಾಸಿಗೆಯ ಹೊದಿಕೆಯನ್ನು ಮೂಸಿ ನೋಡದೆ ಮಲಗುತ್ತಿರಲಿಲ್ಲ ಎಂಬುದು. ಒಬ್ಬ ಜೀವನಚರಿತ್ರೆಕಾರರು ಇದರ ಮೇಲೆ ಒಂದು ಅಧ್ಯಾಯ ಬರೆದು, ಆಕೆ ಕಳೆದುಹೋದ ಬಾಲ್ಯದ ವಾಸನೆಯನ್ನು ಹುಡುಕುತ್ತಿದ್ದರು ಎಂದು ತೀರ್ಮಾನಿಸಿದರು. ಎರಡು, ಹಾಡುವ ಮೊದಲು ತಣ್ಣೀರಿನ ಲೋಟವನ್ನು ಮಣಿಕಟ್ಟಿಗೆ ಒತ್ತಿಕೊಳ್ಳುತ್ತಿದ್ದರು ಎಂಬುದು. ಇದು ಎಷ್ಟು ಹರಡಿತೆಂದರೆ ಈಗ ಟಿವಿಯ ಹಾಡಿನ ಸ್ಪರ್ಧೆಗಳಲ್ಲಿ ಹಲ್ಲು ಬೀಳದ ಮಕ್ಕಳೂ ಕೈಗೆ ಲೋಟ ಒತ್ತಿಕೊಂಡೇ ವೇದಿಕೆ ಹತ್ತುತ್ತವೆ, ತೀರ್ಪುಗಾರರು ಕಣ್ಣೊರೆಸಿಕೊಳ್ಳುತ್ತಾರೆ. ಮೂರು, ಒಮ್ಮೆ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಲಿಫ್ಟ್ ಹತ್ತಿದರು ಎಂಬುದು. ಅದು ಹೋಟೆಲ್ ಕಾರ್ಮಿಕರಿಗೆ ಸೂಚಿಸಿದ ಬೆಂಬಲ ಎಂದು ಚರಿತ್ರೆಯವರು ಬರೆದರು. ಅಲ್ಲ, ಅದು ಕೀರ್ತಿಯ ಭಾರವನ್ನು ಕಳಚಿಡುವ ಕ್ರಿಯೆ ಎಂದು ಜನಪ್ರಿಯ ಸಂಸ್ಕೃತಿಯವರು ತಿರುಗಿ ಬಿದ್ದರು. ಇಬ್ಬರೂ ಪತ್ರಿಕೆಗಳಲ್ಲಿ ಜುಟ್ಟು ಜುಟ್ಟು ಹಿಡಿದು ಕಿತ್ತಾಡಿದರು. ಗೋಡೆ ನೋಡಿಕೊಂಡು ನಿಂತವನಿಗೆ ಬೆನ್ನ ಹಿಂದಿನ ಬರಿಗಾಲು ಹೇಗೆ ಕಂಡಿತು ಎಂದು ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ.

ನನ್ನ ಹೊಟ್ಟೆಯುರಿ ಬೇರೆಯದು. ನನ್ನ ಅಮ್ಮ ಅದೇ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ನಾನು ಮೂರು ವರ್ಷದವಳಿದ್ದಾಗ ಜ್ವರ ಬಂದು ಸತ್ತುಹೋದಳು. ನನಗೆ ಅವಳ ನೆನಪು ಎಳ್ಳಷ್ಟೂ ಇಲ್ಲ. ಇರುವ ಫೋಟೊ ಒಂದೇ, ಹೋಟೆಲಿನ ಸಿಬ್ಬಂದಿಯದು. ಅದರಲ್ಲೂ ಮುಖ್ಯ ಅಡುಗೆಯವರ ಎತ್ತರದ ಬಿಳಿ ಟೋಪಿಯ ಹಿಂದೆ ಅವಳ ಮುಖ ಮುಚ್ಚಿಹೋಗಿದೆ. ಒಂದು ಕಿವಿ, ಸ್ವಲ್ಪ ಕೂದಲು, ಅಷ್ಟೇ ನನ್ನ ಅಮ್ಮ. ಅಮ್ಮ ಹೇಗಿದ್ದಳು ಎಂದು ಅಪ್ಪನನ್ನು ಕೇಳಿದರೆ, "ಹೇಗಿದ್ಲು ಅಂದ್ರೆ... ಚೆನ್ನಾಗಿದ್ಲು" ಎನ್ನುತ್ತಿದ್ದ. ಎದ್ದು ಹೋಗಿ ಕಿಟಕಿ ತೆಗೆಯುತ್ತಿದ್ದ, ಇಲ್ಲವೇ ಮುಚ್ಚುತ್ತಿದ್ದ. ಅಪರಿಚಿತರ ಮುಂದೆ ಗಂಟೆಗಟ್ಟಲೆ ನಾಲಿಗೆ ಹರಿಯಬಿಡುವ ಮನುಷ್ಯನಿಗೆ ಸ್ವಂತ ಹೆಂಡತಿಯ ಬಗ್ಗೆ ಒಂದು ವಾಕ್ಯ ಹುಟ್ಟುತ್ತಿರಲಿಲ್ಲ. ಇದಕ್ಕಾಗಿ ನಾನು ಅವನನ್ನು ಕ್ಷಮಿಸಿರಲಿಲ್ಲ.

ಹೀಗಿರುವಾಗ ಒಬ್ಬಳು ಲೇಖಕಿ ನಮ್ಮ ಅಂಗಡಿಗೆ ಬಂದಳು. ವಯಸ್ಸು ಚಿಕ್ಕದು, ಚೀಲ ದೊಡ್ಡದು. ಆ ಹಳೆಯ ಹೋಟೆಲಿನ ಚರಿತ್ರೆ ಬರೆಯುತ್ತಿದ್ದೇನೆ ಎಂದಳು. ನಾನು ಮೇಜಿನ ಮೇಲಿನ ಗಾಯಕಿಯ ಪುಸ್ತಕಗಳ ಕಡೆ ಕೈ ತೋರಿಸಿದೆ.

"ಅವೆಲ್ಲ ಓದಿದೀನಿ. ನನಗೆ ಅತಿಥಿಗಳು ಬೇಡ," ಅಂದಳು. "ಕೆಲಸದವರು ಬೇಕು. ಅಡುಗೆಯವರು, ಕಸ ಗುಡಿಸೋರು, ಲಾಂಡ್ರಿಯವರು. ಅವರ ಬಗ್ಗೆ ಯಾರೂ ಬರೆದೇ ಇಲ್ಲ."

"ನಮ್ಮಮ್ಮ ಲಾಂಡ್ರಿಯಲ್ಲಿದ್ರು," ಅಂದೆ.

ಅವಳು ಆ ದೊಡ್ಡ ಚೀಲವನ್ನು ಕೆಳಗಿಟ್ಟಳು. ನಿಮ್ಮ ಅಮ್ಮನಿಗೆ ನಾಲ್ಕು ಪುಟವಾದರೂ ಕೊಡುತ್ತೇನೆ, ಅವರ ನಡೆ ನುಡಿ, ಅಭ್ಯಾಸ, ಸಣ್ಣಪುಟ್ಟದ್ದೆಲ್ಲ ಬೇಕು ಎಂದಳು. ನನಗೆ ಬೇರೇನೂ ಕೇಳಿಸಲಿಲ್ಲ. ನನ್ನ ಮೇಜಿನ ಮೇಲೆ, ನನ್ನ ಕೈಯಾರೆ ಜೋಡಿಸಿದ ರಾಶಿಯಲ್ಲಿ, ಟೋಪಿಯ ಹಿಂದಿನಿಂದ ನನ್ನ ಅಮ್ಮ ಹೊರಗೆ ಬರುತ್ತಾಳೆ. ಆ ಭಾನುವಾರವೇ ಮನೆಗೆ ಬರಲು ಹೇಳಿದೆ. ಅಪ್ಪನಿಗೆ ಹಿಂದಿನ ದಿನವೇ ಎಚ್ಚರಿಕೆ ಕೊಟ್ಟೆ: "ಬರ್ತಿರೋದು ಅಮ್ಮನ ಬಗ್ಗೆ ಕೇಳೋಕೆ. ನಿಜ ಗೊತ್ತಿದ್ರೆ ಹೇಳು, ಇಲ್ಲಾಂದ್ರೆ ಬಾಯಿ ಮುಚ್ಕೊಂಡು ಕೂತ್ಕೊ." ಅವನು ತಲೆಯಾಡಿಸಿದ. ಅಭ್ಯಾಸಬಲ, ಅಂಗಿಗೆ ಇಸ್ತ್ರಿ ಹಾಕಿಸಿಕೊಂಡ.

ಲೇಖಕಿ ಬಂದಳು, ಸೋಫಾದ ಮೇಲೆ ಕೂತಳು, ಫೋನನ್ನು ರೆಕಾರ್ಡಿಗೆ ಹಾಕಿ ಮುಂದಿಟ್ಟಳು. ಅತ್ತೆ ಚಹಾ ಕಳಿಸಿ ಬಾಗಿಲು ಹಾಕಿಕೊಂಡಳು. ಅಪ್ಪ ಕಾಲರು ಸರಿಮಾಡಿ ಕಿಟಕಿಯಾಚೆ ನೋಡಿದ. "ಆಕೆ ಹಾಗಲ್ಲ..." ಎಂದ.

"ಗಾಯಕಿ ಅಲ್ಲ ಸರ್, ನಿಮ್ಮ ಹೆಂಡತಿ," ಅಂದಳು ಲೇಖಕಿ.

ಅಪ್ಪನ ಮುಖ ನೋಡಬೇಕಿತ್ತು. ನಡುದಾರಿಯಲ್ಲಿ ಕರೆಂಟು ಹೋಗಿ ಲಿಫ್ಟ್ ನಿಂತ ಹಾಗಾಯಿತು. ಚಹಾ ಕುಡಿದ. ಲೋಟ ಕೆಳಗಿಟ್ಟ. ಮತ್ತೆ ಎತ್ತಿದ, ಅದು ಖಾಲಿಯಾಗಿತ್ತು. ಲೇಖಕಿ ಸಹಾಯಕ್ಕೆಂದು, "ಅವರದು ಏನಾದ್ರೂ ಅಭ್ಯಾಸ... ಹೀಗೆ ಸುಮ್ನೆ ನೆನಪಾಗೋದು," ಅಂದಳು.

"ಅವಳು... ಹಾಸಿಗೆ ಬಟ್ಟೆ ಮೂಸಿ ನೋಡ್ತಿದ್ಲು," ಅಂದ ಅಪ್ಪ.

ಲೇಖಕಿಯ ಪೆನ್ನು ಅರ್ಧಕ್ಕೆ ನಿಂತಿತು. ನನ್ನ ಮೈಗೆಲ್ಲ ಬೆಂಕಿ ಬಿತ್ತು.

"ಆಮೇಲೆ, ಈ ಮಣಿಕಟ್ಟು ಇದೆಯಲ್ಲ, ಇಲ್ಲಿಗೆ ತಣ್ಣೀರಿನ ಲೋಟ ಒತ್ಕೊಂಡು ಕೂತಿರೋಳು. ಒಂದ್ಸಲ ಬರಿಗಾಲಲ್ಲೇ ಲಿಫ್ಟ್ ಹತ್ತಿದ್ಲು. ಚಪ್ಪಲಿ ಕೈಯಲ್ಲಿ."

ಲೇಖಕಿ ನನ್ನ ಕಡೆ ನೋಡಿದ ನೋಟದಲ್ಲಿ ಕನಿಕರವಿತ್ತು. ಇನ್ನೂ ಒಂದೆರಡು ಪ್ರಶ್ನೆಯನ್ನು ಮರ್ಯಾದೆಗೆಂದು ಕೇಳಿ, ಫೋನು ಎತ್ತಿಕೊಂಡು ಎದ್ದಳು. ಬಾಗಿಲ ಬಳಿ ಮೆಲ್ಲಗೆ, "ವಯಸ್ಸಾದವರಿಗೆ ಹೀಗಾಗುತ್ತೆ, ಬೇಜಾರು ಮಾಡ್ಕೋಬೇಡಿ," ಎಂದು ನನ್ನ ಭುಜ ತಟ್ಟಿ ಹೋದಳು.

ನಾನು ಸೀದಾ ಅಡುಗೆಮನೆಗೆ ನುಗ್ಗಿ ಮಿಕ್ಸಿಯ ಸ್ವಿಚ್ಚು ಆರಿಸಿದೆ. "ನೋಡು ಅತ್ತೆ, ನಿನ್ನ ತಮ್ಮ ಏನು ಮಾಡ್ದ ಅಂತ! ಮೂವತ್ತು ವರ್ಷ ಆ ಗಾಯಕಿ ಬಗ್ಗೆ ಬಿಟ್ಟಿರೋ ಓಳನ್ನೇ ತಂದು ಅಮ್ಮನ ತಲೆಗೆ ಕಟ್ದ. ಅಮ್ಮನಿಗೆ ಅಂತ ಒಂದು ಹೊಸ ಸುಳ್ಳು ಹೇಳೋಷ್ಟೂ ಯೋಗ್ಯತೆ ಇಲ್ವಾ ಅವನಿಗೆ?"

"ಏನು ಓಳು?"

"ಅದೇ, ಹೊದಿಕೆ ಮೂಸೋದು, ಕೈಗೆ ತಣ್ಣೀರಿನ ಲೋಟ ಒತ್ಕೊಳ್ಳೋದು..."

ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. "ಅದ್ಯಾಕೆ ಓಳು? ಅದು ನಿಮ್ಮಮ್ಮನೇ ಕಣೇ."

"ಅಮ್ಮನಾ?" ಅಂದೆ.

"ಒಗೆದ ಬಟ್ಟೆಯಲ್ಲಿ ಬ್ಲೀಚ್ ಪೂರ್ತಿ ಹೋಗಿದೆಯಾ ಅಂತ ಮೂಸಿ ನೋಡ್ಬೇಕು. ಇಲ್ಲಾಂದ್ರೆ ಅತಿಥಿಗಳ ಮೈ ಕೆರೆಯುತ್ತೆ, ಇವರಿಗೆ ಬೈಗುಳ. ಅವಳಿಗೆ ಅದು ಎಷ್ಟು ಅಭ್ಯಾಸ ಆಗಿತ್ತು ಅಂದ್ರೆ ಮನೇಲೂ ಟವೆಲ್ ಕೊಟ್ರೆ ಮೂಸೋಳು, ನಿನ್ನ ಎತ್ಕೊಂಡ್ರೂ ಮೊದ್ಲು ಮೂಸೋಳು. ದಿನವಿಡೀ ಇಸ್ತ್ರಿ ಯಂತ್ರದ ಹಬೆ ಹೊಡೆದು ಮಣಿಕಟ್ಟು ಕೆಂಪಗೆ ಸುಟ್ಟಿರೋದು. ಮನೆಗೆ ಬಂದವಳೇ ತಣ್ಣೀರಿನ ಲೋಟ ಒತ್ಕೊಂಡು ಈ ಹೊಸಿಲ ಮೇಲೆ ಕೂತ್ಬಿಡೋಳು. ಇಲ್ಲೇ, ನೀನು ನಿಂತಿರೋ ಜಾಗದಲ್ಲೇ." ಆಮೇಲೆ ಅವಳಿಗೇ ಏನೋ ಹೊಳೆದು ಹುಬ್ಬು ಗಂಟಿಕ್ಕಿದಳು. "ಅದನ್ನ ಆ ಹಾಡೋಳ ಬಗ್ಗೆ ಹೇಳಿದ್ನಾ ಇವನು?"

ಯೋಚಿಸಿದರೆ ನಾಚಿಕೆಯಾಗುತ್ತದೆ. ಪಂಚತಾರಾ ಕೋಣೆಯಲ್ಲಿ ಮಲಗುವ ಗಾಯಕಿಗೆ ಹೊದಿಕೆ ಮೂಸುವ ದರ್ದು ಏನಿತ್ತು? ಹಾಡುವವರ ಮಣಿಕಟ್ಟು ಯಾಕೆ ಉರಿಯಬೇಕು? ಅಷ್ಟು ಜನ ಪಂಡಿತರು ಅಷ್ಟು ಪುಟ ಬರೆದರು. ಒಬ್ಬರಿಗೂ ಅದರಲ್ಲಿ ಲಾಂಡ್ರಿಯ ಹಬೆ ಕಾಣಲಿಲ್ಲ. ಪುಸ್ತಕ ಮಾರುವ ನನಗೂ ಕಾಣಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಹೊರಗೆ ಬಂದು ಅಪ್ಪನ ಎದುರು ನಿಂತೆ. ಅವನು ಇನ್ನೂ ಖಾಲಿ ಲೋಟ ಹಿಡಿದುಕೊಂಡೇ ಕೂತಿದ್ದ.

"ಯಾಕಪ್ಪ?" ಅಂದೆ.

"ನಿಮ್ಮಮ್ಮ ಹೋಗಿ ಒಂದು ತಿಂಗಳೂ ಆಗಿರ್ಲಿಲ್ಲ, ಮೊದಲನೇ ಲೇಖಕರು ಬಂದ್ರು," ಅಂದ. "ಆ ಗಾಯಕಿ ಹೇಗಿದ್ರು, ಅಭ್ಯಾಸ ಏನು, ಹೇಳಿ ಹೇಳಿ ಅಂತ ಪ್ರಾಣ ತಿಂದ್ರು. ನನಗೇನು ಗೊತ್ತು? ನಾನು ನೋಡಿದ್ದು ಹಿತ್ತಾಳೆ ಹಿಡಿ. ನನಗೆ ಗೊತ್ತಿದ್ದ ಹೆಂಗಸು ಒಬ್ಳೇ. ಅವಳ ಬಗ್ಗೆ ಹೇಳ್ತಾ ಹೋದೆ. ಅವರು ಬರ್ಕೊಂಡ್ರು. ಎಷ್ಟು ಆಸೆಯಿಂದ ಬರ್ಕೊಂಡ್ರು ಅಂತೀಯ!"

"ನನಗೆ ಹೇಳಬಹುದಿತ್ತಲ್ಲ?"

"ನಿನಗೆ ಹೇಳೋಕೆ ಹೋದ್ರೆ ಗಂಟಲು ಕಟ್ಟುತ್ತೆ. ಅವರ ಹತ್ರ ಕಟ್ಟಲ್ಲ. ಅಲ್ಲಿ ಅವಳು ಸತ್ತಿಲ್ಲ, ಸತ್ತಿರೋದು ಗಾಯಕಿ." ಖಾಲಿ ಲೋಟವನ್ನು ಕೆಳಗಿಟ್ಟು ಹೇಳಿದ, "ನಿಮ್ಮಮ್ಮನ ಬಗ್ಗೆ ಕೇಳೋಕೆ ಇಷ್ಟು ವರ್ಷ ಯಾರೂ ಬರಲೂ ಇಲ್ಲ."

"ಹಾಗಾದ್ರೆ ಬರಿಗಾಲು?"

ಅವನು ನಕ್ಕ. "ಕೆಲಸದವರು ಆ ಲಿಫ್ಟಿಗೆ ಕಾಲಿಡೋ ಹಾಗಿರ್ಲಿಲ್ಲ. ಅವಳು ಬಟ್ಟೆ ಗಂಟು ಹೊತ್ಕೊಂಡು ಹಿಂದಿನ ಮೆಟ್ಟಿಲು ಹತ್ತಬೇಕು. ಒಂದು ಮಧ್ಯಾಹ್ನ ಮ್ಯಾನೇಜರು ರಜೆ. ಬಾ ಅಂದೆ. ರತ್ನಗಂಬಳಿ ನೋಡಿ ಚಪ್ಪಲಿ ಬಿಟ್ಲು. ಕೊಳೆಯಾಗುತ್ತೆ ಅಂತಲ್ಲ, ಕಾಲಿಗೆ ಹೇಗಿರುತ್ತೆ ನೋಡ್ಬೇಕು ಅಂತ. ಎಷ್ಟನೇ ಮಹಡಿ ಮೇಡಂ ಅಂತ ಕೇಳ್ದೆ. ನಾಲ್ಕು ಅಂದ್ಲು, ಆ ಗಾಯಕಿ ಥರಾನೇ ಮೂಗಲ್ಲಿ. ಇಬ್ರೂ ನಗ್ತಾ ನಗ್ತಾ ಹೋದ್ವಿ. ಆವತ್ತು ನಾನು ಅವಳ ಕಡೆ ತಿರುಗಿ ನಿಂತಿದ್ದೆ."

ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕಳ್ಳ! ನನಗೇ ಹೇಳಿರ್ಲಿಲ್ಲ ಇದನ್ನ," ಎಂದು ಅವನನ್ನು ಬೈದಳು.

ಮಾರನೇ ದಿನ ನಾನು ಅಪ್ಪನನ್ನು ಕರೆದುಕೊಂಡು ಲೇಖಕಿಯ ಮನೆಗೇ ಹೋದೆ. ಅವಳ ಕೋಣೆಯಲ್ಲಿ ಪುಸ್ತಕಗಳ ನಡುವೆ ಎರಡು ಕುರ್ಚಿ ಹುಡುಕುವುದಕ್ಕೇ ಸಾಕಾಯಿತು. ಅಪ್ಪ ಎದ್ದು ನಿಂತು, ಶಾಲೆಯಲ್ಲಿ ತಪ್ಪೊಪ್ಪಿಕೊಳ್ಳುವವರ ಹಾಗೆ, ಎಲ್ಲವನ್ನೂ ಹೇಳಿದ. ಗಾಯಕಿಯ ಬಗ್ಗೆ ತನಗೇನೂ ಗೊತ್ತಿರಲಿಲ್ಲ, ಹೇಳಿದ್ದೆಲ್ಲ ಹೆಂಡತಿಯದು ಎಂದ. ಅವನ ಜೀವಮಾನದ ಮೊದಲ ಪೂರ್ತಿ ನಿಜವಾದ ಸಂದರ್ಶನ ಅದು. ಅದನ್ನು ಯಾರೂ ನಂಬಲಿಲ್ಲ.

"ಸರ್, ಹಾಗೆ ಹೇಳಿದ್ರೆ ಹೇಗೆ?" ಎಂದು ಲೇಖಕಿ ಸಮಾಧಾನದಿಂದಲೇ ಹೇಳಿದಳು. "ಗಾಯಕಿ ಹೀಗೆ ಮಾಡ್ತಿದ್ರು ಅನ್ನೋದು ನಾಲ್ಕು ಬೇರೆ ಬೇರೆ ಪುಸ್ತಕದಲ್ಲಿದೆ. ಅಷ್ಟೂ ಜನ ತಪ್ಪು ಬರೀತಾರಾ?"

"ಅಷ್ಟೂ ಜನ ನಮ್ಮನೆ ಸೋಫಾದ ಮೇಲೆ ಕೂತು ಎದ್ದವರೇ," ಅಂದೆ ನಾನು.

"ಇರಬಹುದು ಮೇಡಂ. ಆದ್ರೆ ಅಚ್ಚಾಗಿರೋ ಆಧಾರ ಇದೆ. ನಿಮ್ಮ ಅಮ್ಮನ ಬಗ್ಗೆ ಅಚ್ಚಾಗಿರೋದು ಏನಾದ್ರೂ ಇದೆಯಾ?"

"ನಮ್ಮ ಅತ್ತೆ ಇದ್ದಾರೆ. ಕಣ್ಣಾರೆ ನೋಡಿದವರು. ಬಂದು ಕೇಳಿ."

"ಕುಟುಂಬದವರ ಮಾತನ್ನ ನಾವು ಸ್ವಲ್ಪ ಎಚ್ಚರಿಕೆಯಿಂದ ನೋಡ್ಬೇಕಾಗುತ್ತೆ," ಅಂದಳು. ಅಪ್ಪನ ಮಾತನ್ನು ಮಾತ್ರ ಮೂವತ್ತು ವರ್ಷದಿಂದ ಯಾರೂ ಎಚ್ಚರಿಕೆಯಿಂದ ನೋಡಿರಲಿಲ್ಲ. ಯಾಕೆಂದರೆ ಗಾಯಕಿಯ ಕುಟುಂಬಕ್ಕೂ ಅವನಿಗೂ ಸಂಬಂಧವಿರಲಿಲ್ಲವಲ್ಲ.

ಮೆಟ್ಟಿಲಿಳಿಯುವಾಗ ಅಪ್ಪ ನನ್ನ ತೋಳು ಹಿಡಿದುಕೊಂಡ. "ಹೇಳಿದ ಸುಳ್ಳು ಬಹಳ ಗಟ್ಟಿಯಾಗ್ಬಿಟ್ಟಿದೆ ಕಣೇ," ಅಂದ. ನನಗೆ ಬೈಯಬೇಕೆನಿಸಿತು, ಆದರೂ ಅವನನ್ನು ಹುಷಾರಾಗಿ ಮೆಟ್ಟಿಲಿಳಿಸಿದೆ.

ಮುಂದಿನ ವರ್ಷ ಆ ಪುಸ್ತಕ ಬಂತು. ಪೆಟ್ಟಿಗೆ ಬಿಚ್ಚಿದವಳು ನಾನೇ. ದಪ್ಪ ಹೊದಿಕೆ, ಹೋಟೆಲಿನ ಹಳೆಯ ಚಿತ್ರ, ಹಿಂದೆ ದೊಡ್ಡವರ ಹೊಗಳಿಕೆ. ಕಸ ಗುಡಿಸುವವರು, ಅಡುಗೆಯವರು, ಎಲ್ಲರೂ ಇದ್ದರು. ನಿಂತಲ್ಲೇ ಲಾಂಡ್ರಿಯ ಅಧ್ಯಾಯ ಹುಡುಕಿದೆ. ನಾಲ್ಕು ಪುಟ ಇರಲಿಲ್ಲ, ಒಂದು ವಾಕ್ಯವಿತ್ತು:

"ಗಾಯಕಿಯ ಪ್ರಭಾವ ಎಷ್ಟಿತ್ತೆಂದರೆ, ಲಾಂಡ್ರಿಯ ಒಬ್ಬ ಕೆಲಸಗಾರ್ತಿ ಹೊದಿಕೆ ಮೂಸುವುದು, ಮಣಿಕಟ್ಟಿಗೆ ತಣ್ಣೀರಿನ ಲೋಟ ಒತ್ತಿಕೊಳ್ಳುವುದು ಮುಂತಾದ ಆಕೆಯ ಹಾವಭಾವಗಳನ್ನು ಮನೆಯಲ್ಲಿಯೂ ಅನುಕರಿಸುತ್ತಿದ್ದಳೆಂದು ಆ ಕೆಲಸಗಾರ್ತಿಯ ಗಂಡ ನೆನಪಿಸಿಕೊಳ್ಳುತ್ತಾರೆ."

ಅನುಕರಿಸುತ್ತಿದ್ದಳಂತೆ. ನನ್ನ ಅಮ್ಮ! ಸುಟ್ಟ ಕೈಗೆ ತಣ್ಣೀರು ಒತ್ತಿಕೊಂಡಿದ್ದು ಅಭಿಮಾನಿಯ ಅಭಿನಯವಾಗಿ ಹೋಯಿತು. ನಾನು ಆ ಹೊಸ ರಾಶಿಯನ್ನು ಕೆಡವಿ ಜೋಡಿಸಿದೆ, ಮತ್ತೆ ಕೆಡವಿ ಜೋಡಿಸಿದೆ. ಯಜಮಾನರು ಆವತ್ತು ಯಾರ ಮೇಲೆ ಎಂದು ಕೇಳುವ ಧೈರ್ಯ ಮಾಡಲಿಲ್ಲ.

ಒಂದು ಪ್ರತಿಯನ್ನು ಮನೆಗೆ ತಂದು ಅಪ್ಪನ ಮುಂದೆ ಕುಕ್ಕಿದೆ. ಅವನು ಕನ್ನಡಕ ಹಾಕಿಕೊಂಡು ಆ ವಾಕ್ಯದ ಮೇಲೆ ಬೆರಳಿಟ್ಟು ಓದಿದ. ಎರಡನೇ ಸಲ ಓದಿದ. ಅವನು ಕುಸಿದು ಹೋಗುತ್ತಾನೆ ಎಂದುಕೊಂಡಿದ್ದೆ. ಅವನ ಬೆರಳು ವಾಕ್ಯದ ಕೊನೆಯಲ್ಲಿ ನಿಂತಿತ್ತು.

"ಗಂಡ ಅಂತ ಹಾಕಿದ್ದಾರೆ ನೋಡು," ಅಂದ. ಆಪ್ತ ಸಹಾಯಕ, ಏಕೈಕ ವ್ಯಕ್ತಿ ಎಂದೆಲ್ಲ ಬರೆಸಿಕೊಂಡಾಗ ಒಮ್ಮೆಯೂ ಒದ್ದೆಯಾಗದ ಕಣ್ಣು ಆವತ್ತು ಒದ್ದೆಯಾಗಿತ್ತು. ಅಷ್ಟರಲ್ಲಿ ಅತ್ತೆ ಬಂದು ಪುಸ್ತಕವನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ, "ಇಷ್ಟು ದಪ್ಪಕ್ಕೆ ಇದೊಂದೇ ಪದ ನಿಜ," ಎಂದು ಮೂಗು ಮುರಿದಳು.

ಅಷ್ಟಕ್ಕೇ ಇದು ಮುಗಿಯಬೇಕಿತ್ತು. ಆದರೆ ಗಾಯಕಿಯ ಬಗ್ಗೆ ಪುಸ್ತಕ ಬರೆಯುವವರ ಬೀಜ ನಾಶವಾಗುವಂಥದ್ದಲ್ಲ. ಕಳೆದ ತಿಂಗಳು ಇನ್ನೊಬ್ಬರು ಫೋನು ಮಾಡಿದರು. ಜೀವನಚರಿತ್ರೆಯವರು, ಕಣ್ಣೀರಿನ ಜಾತಿ. ಅಪ್ಪ ಫೋನನ್ನು ಅಂಗೈಯಿಂದ ಮುಚ್ಚಿ ನನ್ನ ಮುಖ ನೋಡಿದ. "ಬೇಡ ಅಂತೀನಿ," ಅಂದ.

ಅಮ್ಮನ ಬಗ್ಗೆ ನಾನು ಕೇಳಿದರೆ ಅವನ ಗಂಟಲು ಕಟ್ಟುತ್ತದೆ. ಆ ಸೋಫಾದ ಮೇಲೆ ಯಾರಾದರೂ ಅಪರಿಚಿತರು ಕೂತರೆ ಮಾತ್ರ ಅದು ಬಿಚ್ಚುವುದು. "ಬರೋಕೆ ಹೇಳು. ಭಾನುವಾರ, ನನಗೆ ರಜಾ ಇದ್ದಾಗ," ಅಂದೆ.

ಬಂದರು. ಬಿಳಿ ಗಡ್ಡ, ಒಳ್ಳೆಯ ಪೆನ್ನು. ಅತ್ತೆ ಚಹಾ ತಾನೇ ತಂದಳು, ಬಾಗಿಲು ಹಾಕಿಕೊಳ್ಳಲಿಲ್ಲ, ಅಲ್ಲೇ ಹೊಸಿಲ ಮೇಲೆ ಕೂತಳು. ನಾನು ಕುರ್ಚಿ ಎಳೆದುಕೊಂಡೆ. ಲೇಖಕರು ಗಂಟಲು ಸರಿಮಾಡಿಕೊಂಡು, "ಹಿಂದಿನ ಪುಸ್ತಕಗಳಲ್ಲಿ ಆಕೆಯ ಸಿಟ್ಟಿನ ಬಗ್ಗೆ ಏನೂ ಇಲ್ಲ ನೋಡಿ. ಆಕೆಗೆ ಸಿಟ್ಟು ಬರ್ತಿತ್ತಾ ಸರ್?" ಎಂದು ಕೇಳಿದರು.

ಅಪ್ಪ ಕಿಟಕಿಯಾಚೆ ನೋಡಲಿಲ್ಲ. "ಬರ್ತಿತ್ತಾ ಅಂದ್ರೇನು? ಮೂಗಿನ ತುದೀಲೇ ಇರೋದು," ಅಂದ.

"ಕೂಗಾಡೋರಾ?"

"ಊಹೂಂ. ತುಟಿ ಬಿಚ್ತಿರ್ಲಿಲ್ಲ. ಮಡಿಸಿಟ್ಟ ಬಟ್ಟೆ ರಾಶಿ ಇರುತ್ತಲ್ಲ, ಅದನ್ನ ಪೂರ್ತಿ ಕೆಡವಿಬಿಡೋರು. ಕೆಡವಿ, ಮತ್ತೆ ಮೊದಲಿಂದ ಒಂದೊಂದೇ ಮಡಿಸಿ ಜೋಡಿಸೋರು. ಜೋಡಿಸಿ ಮುಗಿಯೋ ಹೊತ್ತಿಗೆ ಸಿಟ್ಟು ಹೋಗಿರೋದು."

ಅತ್ತೆ ಹೊಸಿಲ ಮೇಲಿಂದಲೇ, "ಹೌದೌದು," ಎಂದು ತಲೆದೂಗಿದಳು. ನನ್ನ ಕೈಗಳನ್ನು ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ.

ಲೇಖಕರು ಪೆನ್ನು ನಿಲ್ಲಿಸಿ ಅನುಮಾನದಿಂದ ನೋಡಿದರು. "ಅಷ್ಟು ದೊಡ್ಡ ಗಾಯಕಿ... ಬಟ್ಟೆ ಮಡಿಸೋರಾ?"

"ಮಡಿಸೋರು ಸರ್, ಬರ್ಕೊಳ್ಳಿ," ಅಂದೆ ನಾನು. ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. "ಆಮೇಲೆ ಏನು ಮಾಡೋರು? ಹೇಳಪ್ಪ."